ಮನೇಲೇ ಡೇಕೇರ್ ಶುರು ಮಾಡೋದು ಹೇಗೆ: ಬೆಂಗಳೂರಲ್ಲಿರೋರಿಗೆ ಒಂದು ಸಮಗ್ರ ಗೈಡ್

ಮನೇಲಿ ಒಂದು ರೂಮ್ ಖಾಲಿ ಇದೆ, ಮಕ್ಕಳು ಅಂದ್ರೆ ಪ್ರಾಣ, ಡೇಕೇರ್ ಮಾಡೋಣ ಅಂತಿದೀನಿ ಅನ್ನೋರು ಮೊದಲು ಕೇಳೋದು ಗೋಡೆಗೆ ಯಾವ ಕಾರ್ಟೂನ್ ಬಿಡಿಸ್ಲಿ, ಆಟದ ಸಾಮಾನು ಎಲ್ಲಿ ಸಸ್ತಾ ಸಿಗತ್ತೆ ಅಂತ. ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ. ಮೊದಲು ಕೂತು ತೀರ್ಮಾನ ಮಾಡ್ಬೇಕಾಗಿರೋದು ಎಷ್ಟು ಮಕ್ಕಳು, ಯಾವ ವಯಸ್ಸಿನವರು, ನೀವು ಬಾತ್‌ರೂಮಿಗೆ ಹೋದಾಗ ಆ ಮಕ್ಕಳ ಜೊತೆ ಯಾರಿರ್ತಾರೆ ಅನ್ನೋದನ್ನ. ಇದಕ್ಕೆ ಉತ್ತರ ಇಲ್ದೆ ಬೋರ್ಡ್ ಹಾಕ್ಬೇಡಿ. ಫೀಸು, ಜಾಗ, ಆಯಾ, ಅಡುಗೆ ಎಲ್ಲಾ ಇದರ ಮೇಲೇ ನಿಂತಿರತ್ತೆ.

ಎಷ್ಟು ಮಕ್ಕಳು

ಕಂಪನಿಗಳ ಕ್ರೆಶ್‌ಗಳಿಗೆ, ಅಂದ್ರೆ ಕೆಲಸಕ್ಕೆ ಬರೋರ ಮಕ್ಕಳನ್ನ ನೋಡ್ಕೊಳ್ಳೋ ಕೇಂದ್ರಗಳಿಗೆ ಅಂತ ಕೇಂದ್ರ ಸರ್ಕಾರ 2018ರಲ್ಲಿ ಒಂದು ಮಾರ್ಗಸೂಚಿ ತಂತು. ಅದರ ಪ್ರಕಾರ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, 3 ವರ್ಷ ದಾಟಿದ್ರೆ 20 ಮಕ್ಕಳಿಗೆ ಒಬ್ರು, ಜೊತೆಗೆ ಒಬ್ಬ ಸಹಾಯಕಿ, ಒಂದು ಮಗುವಿಗೆ 10ರಿಂದ 12 ಚದರಡಿ ಜಾಗ. ಮನೆ ಡೇಕೇರ್‌ಗೆ ಅಂತ ಬರೆದಿದ್ದಲ್ಲ ಅದು, ಆದ್ರೂ ಅಳತೆಗೆ ಒಂದು ಆಧಾರ ಅಂತ ಇಟ್ಕೊಳ್ಳಿ. ನನ್ನ ಕೇಳಿದ್ರೆ ಅದು ತೀರಾ ಧಾರಾಳ ಆಯ್ತು, ಒಬ್ಬಳೇ ಹೆಂಗಸು ಒಂದೂವರೆ ವರ್ಷದೊಳಗಿನ ಮೂರು ಕೂಸುಗಳನ್ನ ನೋಡ್ಕೊಳ್ಳೋದೇ ಹೆಚ್ಚು, ಒಂದಕ್ಕೆ ಡೈಪರ್ ಬದಲಾಯಿಸ್ತಿದ್ರೆ ಇನ್ನೊಂದು ಹಾಲಿಗೆ ಅಳ್ತಾ ಇರತ್ತೆ, ಮೂರನೇದು ಸದ್ದಿಲ್ದೆ ಚಪ್ಪಲಿ ಬಾಯಿಗೆ ಹಾಕ್ಕೊಂಡಿರತ್ತೆ.

ಜಾಗದ ಲೆಕ್ಕಾನೂ ಹಾಗೇನೇ. 10 ಅಡಿಗೆ 15 ಅಡಿ ಹಾಲ್ ಅಂದ್ರೆ 150 ಚದರಡಿ, ಪೇಪರ್ ಮೇಲೆ 12 ಮಕ್ಕಳು ಹಿಡಿಸ್ತಾರೆ. ಸೋಫಾ, ಟಿವಿ ಸ್ಟ್ಯಾಂಡು, ಶೂ ರ‍್ಯಾಕು, ಮಧ್ಯಾಹ್ನ ಮಲಗಿಸೋ ಹಾಸಿಗೆ ಎಲ್ಲಾ ಕಳೆದ್ರೆ ಅರ್ಧಕ್ಕೆ ಬರತ್ತೆ. ಸಾಮಾನ್ಯ ಎರಡು ಬೆಡ್‌ರೂಮಿನ ಮನೆಗೆ, ಯಾವಾಗ್ಲೂ ಇಬ್ಬರು ದೊಡ್ಡವರು ಇದ್ದಾರೆ ಅಂದ್ರೆ 6ರಿಂದ 8 ಮಕ್ಕಳು ಸಾಕು, ಅದರಲ್ಲಿ ನಡೆಯೋಕೆ ಬರದೇ ಇರೋರು ಎರಡೇ ಎರಡು.

ಕೂಸುಗಳ ಸೀಟಿಗೇ ಫೋನ್ ಜಾಸ್ತಿ ಬರೋದು, ಅದಕ್ಕೊಂದು ಕಾರಣ ಇದೆ. ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ, ಆದ್ರೆ ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆನೇ ತಗೋಬಹುದು, ಹಾಗೆ ತಗೊಂಡಿರೋರು ಪಾಪುಗೆ ನಾಲ್ಕು ತಿಂಗಳು ದಾಟೋ ಹೊತ್ತಿಗೇ ಆಫೀಸಿಗೆ ವಾಪಸ್ ಹೋಗ್ಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಕಂಪನಿ ಕ್ರೆಶ್ ಸೌಲಭ್ಯ ಕೊಡ್ಬೇಕು ಅಂತ ಕಾನೂನು ಹೇಳತ್ತೆ ನಿಜ, ಆದ್ರೆ ಸರ್ಜಾಪುರ ರೋಡ್ ಟ್ರಾಫಿಕ್‌ನಲ್ಲಿ ಐದು ತಿಂಗಳ ಕೂಸನ್ನ ಗಂಟೆಗಟ್ಟಲೆ ಎತ್ಕೊಂಡು ಹೋಗೋ ಬದ್ಲು ಮನೆ ಪಕ್ಕದ ಬೀದಿಲೇ ಬಿಟ್ಟು ಹೋಗೋಣ ಅಂತಾನೇ ಅಪ್ಪ ಅಮ್ಮ ಯೋಚ್ನೆ ಮಾಡೋದು. ನಿಮ್ಮ ಬಿಸಿನೆಸ್ ಇರೋದೇ ಅಲ್ಲಿ. ನೀವು ಹೊಸಬರಾಗಿದ್ರೆ ಮಾತ್ರ ಮೊದಲ ಆರು ತಿಂಗಳು ಒಂದೂವರೆ ವರ್ಷ ದಾಟಿದ ಮಕ್ಕಳನ್ನೇ ತಗೊಳ್ಳಿ, ಕೈ ಪಳಗ್ಲಿ.

ದುಡ್ಡಿನ ಲೆಕ್ಕ, ಸುಳ್ಳು ಹೇಳ್ಕೊಳ್ದೆ

ಒಂದು ಉದಾಹರಣೆ ಹಾಕೋಣ, ನಿಮ್ಮ ಏರಿಯಾಗೆ ತಕ್ಕ ಹಾಗೆ ನಂಬರ್ ಬದಲಾಯಿಸ್ಕೊಳ್ಳಿ. 8 ಮಕ್ಕಳು, ತಿಂಗಳಿಗೆ 7,000 ಅಂದ್ರೆ 56,000 ಬರತ್ತೆ. ಪೂರ್ತಿ ದಿನದ ಆಯಾಗೆ 15,000, ಅರ್ಧ ದಿನ ಬಂದು ಪಾತ್ರೆ ನೆಲ ನೋಡ್ಕೊಳ್ಳೋರಿಗೆ 8,000, ಊಟ ಹಾಲು ಗ್ಯಾಸಿಗೆ ಮಗುವಿಗೆ 1,200 ಅಂತ 9,600, ಕರೆಂಟು ನೀರು ಫಿನಾಯಿಲು ಟಿಶ್ಯೂಗೆ 4,000, ಮುರಿದಿದ್ದು ಒಡೆದಿದ್ದು ಅಂತ ಎತ್ತಿಡೋದು 3,000. ಒಟ್ಟು ಖರ್ಚು 39,600, ಕೈಗೆ ಉಳಿಯೋದು 16,400. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ನೀವು ನಿಂತ ಕಾಲಲ್ಲಿ ನಿಂತಿರೋದಕ್ಕೆ ಇದು. ಮನೆ ಬಾಡಿಗೆ ಇದರಲ್ಲಿ ಸೇರಿಲ್ಲ.

ಈಗ ಜೂನ್ ಬಂತು ಅಂದ್ಕೊಳ್ಳಿ, ಇಬ್ಬರು ಸ್ಕೂಲಿಗೆ ಹೋದ್ರು. ಬರೋದು 42,000, ಖರ್ಚು ಇಳಿಯೋದು ಬರೀ ಊಟದ 2,400, ಆಯಾ ಸಂಬಳ ಏನೂ ಕಮ್ಮಿ ಆಗಲ್ಲ, ಉಳಿಯೋದು 4,800. ಎಲ್ಲರೂ ಜಾರೋದು ಇಲ್ಲೇ ನೋಡಿ, ಸೀಟ್ ಖಾಲಿ ಆಗತ್ತೆ ಅನ್ನೋ ಭಯಕ್ಕೆ 12 ಮಕ್ಕಳನ್ನ ತುಂಬಿಸ್ಕೊಳ್ತಾರೆ, ಆಯಾಗೆ ಸುಸ್ತಾಗಿ ಬಿಟ್ಟು ಹೋಗ್ತಾಳೆ, ಅವಳ ಹಿಂದೆನೇ ಮಕ್ಕಳೂ ಹೋಗ್ತಾರೆ. ಅದೇ 8 ಮಕ್ಕಳಿಗೆ 9,000 ಇಟ್ರೆ ಉಳಿಯೋದು 32,400. ಮಕ್ಕಳ ಸಂಖ್ಯೆ ಏರಿಸೋದಕ್ಕಿಂತ ಫೀಸ್ ಏರಿಸೋದೇ ವಾಸಿ, ಹಾಗೆ ಕೇಳೋಕೆ ಸಂಕೋಚ ಪಡ್ಬೇಡಿ. "ಒಬ್ಬರಿಗೆ ಇಷ್ಟೇ ಮಕ್ಕಳು" ಅಂತ ನೀವು ತೋರಿಸೋಕಾದ್ರೆ ಜಾಸ್ತಿ ಕೊಡೋ ಅಪ್ಪ ಅಮ್ಮಂದಿರು ಇದ್ದೇ ಇದ್ದಾರೆ.

ಶುರುಲಿ ಸಾಲ ಮಾಡೋ ಅವಶ್ಯಕತೆ ನನಗೆ ಕಾಣಲ್ಲ. ಬೇಕೇ ಬೇಕು ಅಂದ್ರೆ ಮುದ್ರಾ ಯೋಜನೆಯಲ್ಲಿ "ಶಿಶು" ಅನ್ನೋ ಹೆಸರಿನ ಸಣ್ಣ ಬಿಸಿನೆಸ್ ಸಾಲ 50,000ದವರೆಗೆ ಸಿಗತ್ತೆ, ಮನೆ ಆದಾಯ ಕಮ್ಮಿ ಇರೋ ಹೆಣ್ಮಕ್ಕಳಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಸ್ಕೀಮ್ ಇದೆ, ಅದರಲ್ಲಿ ಸಬ್ಸಿಡಿನೂ ಉಂಟು, ಬ್ಯಾಂಕಲ್ಲಿ ವಿಚಾರಿಸಿ.

ಪೇಪರ್ ಕೆಲಸ

ಬಾಡಿಗೆ ಮನೆ ಆದ್ರೆ ಮೊದಲು ಓನರ್. "ಒಂದೆರಡು ಮಕ್ಕಳನ್ನ ನೋಡ್ಕೊಳ್ತೀನಿ ಅಂಕಲ್" ಅಂತ ಬಾಯಲ್ಲಿ ಹೇಳಿದ್ದು ಸಾಲಲ್ಲ, ಅಗ್ರಿಮೆಂಟಲ್ಲೇ ಒಂದು ಸಾಲು ಸೇರಿಸಿ. ಅಪಾರ್ಟ್‌ಮೆಂಟ್ ಆದ್ರೆ ಅಸೋಸಿಯೇಷನ್ ಒಪ್ಪಿಗೆ ಬರವಣಿಗೇಲಿ ತಗೊಳ್ಳಿ, ಬೈಲಾದಲ್ಲಿ ವಾಣಿಜ್ಯ ಬಳಕೆ ಬೇಡ ಅಂತಿದ್ರೆ ಯಾರೋ ಒಬ್ಬರು ಲಿಫ್ಟ್ ಗಲಾಟೆಗೋ ಪಾರ್ಕಿಂಗ್‌ಗೋ ಕಂಪ್ಲೇಂಟ್ ಮಾಡಿದ ದಿನ ಅಂಗಡಿ ಮುಚ್ಚಬೇಕಾಗತ್ತೆ. ಕೆಳಗಿನ ಮನೆ ಅಜ್ಜಿ ತಾತನ ಹತ್ರ ನೀವೇ ಹೋಗಿ ಮಾತಾಡಿ, ಮಧ್ಯಾಹ್ನ ಮಲಗೋರು ಅವರು, ಗದ್ದಲ ತಾಗೋದು ಅವರಿಗೇ.

ಟ್ರೇಡ್ ಲೈಸೆನ್ಸಿಗೆ ನಿಮ್ಮ ಪಾಲಿಕೆ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಜಿಬಿಎ (ಗ್ರೇಟರ್ ಬೆಂಗಳೂರು ಪ್ರಾಧಿಕಾರ) ಕೆಳಗೆ ಐದು ಪಾಲಿಕೆ ಆಗಿರೋದ್ರಿಂದ ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ ಅಂತ ಮೊದಲು ನೋಡ್ಕೊಳ್ಳಿ, ಹಳೇ ಆಫೀಸಿಗೆ ಅಲೆದು ಸುಸ್ತಾಗ್ಬೇಡಿ. ಕರೆಂಟಿನದ್ದೂ ಒಂದು ವಿಷಯ ಇದೆ, ಮನೆ ಮೀಟರಲ್ಲಿ ವ್ಯಾಪಾರ ನಡೆಸಿದ್ರೆ ಬೆಸ್ಕಾಂನೋರು ದಂಡ ಹಾಕಬಹುದು, ಕಮರ್ಷಿಯಲ್ ಮೀಟರ್ ಮಾಡಿಸಿದ್ರೆ ಗೃಹಜ್ಯೋತಿ ಆ ಮೀಟರಿಗೆ ಸಿಗಲ್ಲ. ಈ ಖರ್ಚನ್ನ ಫೀಸ್ ಫಿಕ್ಸ್ ಮಾಡೋಕ್ ಮುಂಚೆನೇ ಲೆಕ್ಕಕ್ಕೆ ತಗೊಳ್ಳಿ.

ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು, ಆಧಾರ್, ಪ್ಯಾನ್ ಇದ್ರೆ ಕೂತಲ್ಲೇ ಆಗತ್ತೆ, ಪೂರ್ತಿ ಫ್ರೀ. ದುಡ್ಡು ಕೇಳೋ ವೆಬ್‌ಸೈಟ್ ಬಂದ್ರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಊಟ ನೀವೇ ಮಾಡಿ ಹಾಕೋದಾದ್ರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಬೇಸಿಕ್ ನೋಂದಣಿ ಮಾಡಿಸಿ, ಫೀಸ್ ದೊಡ್ಡದಲ್ಲ. ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಜಿಎಸ್‌ಟಿ ನೋಂದಣಿ ಬೇಡ. ಮೇಲಿನ ಲೆಕ್ಕದಲ್ಲಿ 9,000 ಫೀಸಿಟ್ರೂ ವರ್ಷಕ್ಕೆ ಆಗೋದು 8.64 ಲಕ್ಷ, ತಲೆ ಕೆಡಿಸ್ಕೊಳ್ಬೇಡಿ. ಇನ್ನೊಂದು, ಬೋರ್ಡಿನ ಮೇಲೆ "ಪ್ರೀಸ್ಕೂಲ್" ಅಂತ ಆಸೆಗೆ ಬರೆಸ್ಬೇಡಿ, ಬರೆಸಿದ್ರೆ ಶಿಕ್ಷಣ ಇಲಾಖೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸು ಅಂತ ಬೇರೆನೇ ದಾರಿ ಶುರುವಾಗತ್ತೆ.

ಮನೆ ರೆಡಿ ಮಾಡೋದು

ಒಂದು ದಿನ ಬಾಗಿಲು ಹಾಕ್ಕೊಂಡು, ಯಾರಾದ್ರೂ ನೋಡಿ ನಕ್ರೂ ಪರವಾಗಿಲ್ಲ, ಅಂಬೆಗಾಲಲ್ಲಿ ಇಡೀ ಮನೆ ಒಂದು ಸುತ್ತು ಬನ್ನಿ. ನಿಂತಾಗ ಕಾಣದೇ ಇರೋ ಪ್ಲಗ್ ಪಾಯಿಂಟು, ಮಂಚದ ಕೆಳಗಿನ ಟ್ರಂಕಿನ ಮೂಲೆ, ಫ್ರಿಜ್ ಹಿಂದಿನ ವೈರು ಎಲ್ಲಾ ಆಗ ಕಾಣತ್ತೆ.

ಬೆಂಗಳೂರಿನ ಇಂಡಿಪೆಂಡೆಂಟ್ ಮನೆಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಸಂಪ್. ನೀರಿನ ಟ್ಯಾಂಕರ್ ಬಂದಾಗ ಮುಚ್ಚಳ ತೆಗೀತಾರೆ, ಆಮೇಲೆ ಅರ್ಧ ಮುಚ್ಚಿ ಹೋಗಿರ್ತಾರೆ. ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ, ಬೀಗದ ಕೈ ನಿಮ್ಮ ಹತ್ರ ಮಾತ್ರ, ಟ್ಯಾಂಕರ್ ಮಕ್ಕಳಿಲ್ಲದ ಹೊತ್ತಲ್ಲಿ ಬರ್ಲಿ. ಬಾತ್‌ರೂಮಲ್ಲಿ ಬಕೆಟ್ ತುಂಬಿಸಿ ಇಡೋ ಅಭ್ಯಾಸ ಇದ್ದೇ ಇರತ್ತೆ, ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಕಡೆ ಬೇರೆ ದಾರಿನೂ ಇಲ್ಲ, ಆದ್ರೆ ಸಣ್ಣ ಮಗು ತಲೆ ಕೆಳಗಾಗಿ ಬಿದ್ರೆ ಕಾಲು ಬಕೆಟ್ ನೀರೂ ಪ್ರಾಣ ತೆಗೆಯೋಕೆ ಸಾಕು. ಬಾತ್‌ರೂಮಿಗೆ ಮೇಲ್ಗಡೆ ಚಿಲಕ ಹಾಕಿಸಿ, ಬಕೆಟ್‌ಗೆ ಮುಚ್ಚಳ ಇರ್ಲಿ.

ದೇವರ ಮನೆ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ. ದೀಪ, ಬೆಂಕಿಪಟ್ಟಣ ಸರಿ, ಎಲ್ಲರಿಗೂ ಗೊತ್ತು, ಕರ್ಪೂರ? ಕಲ್ಲುಸಕ್ಕರೆ ತರ ಕಾಣೋ ಅದನ್ನ ಮಗು ಸ್ವಲ್ಪ ತಿಂದ್ರೂ ಫಿಟ್ಸ್ ಬರಬಹುದು. ಬೀರುವಿನ ನುಸಿಗುಳಿಗೆನೂ ವಿಷಾನೇ. ಫಿನಾಯಿಲ್, ಆಸಿಡ್‌ನ ಹಳೇ ಜ್ಯೂಸ್ ಬಾಟಲಿಗೆ ತುಂಬಿಸಿ ಮಾರ್ತಾರಲ್ಲ, ಅಂಥದ್ದು ಮನೆ ಒಳಗೇ ಬರಬಾರ್ದು. ರಿಮೋಟಿನ ಬಟನ್ ಸೆಲ್, ಯುಪಿಎಸ್ ಬ್ಯಾಟರಿ, ಸೊಳ್ಳೆ ಲಿಕ್ವಿಡ್, ಟೆರೇಸ್ ಮೆಟ್ಟಿಲು, ಗೇಟು ಇವೆಲ್ಲ ಒಂದೊಂದಾಗಿ ನೋಡಿ. ಬಾಗಿಲಿಗೆ ಸ್ಟಾಪರ್ ಹಾಕಿ, ಆಷಾಢದ ಗಾಳಿಗೆ ಬಾಗಿಲು ಬಡಿದು ಬೆರಳು ಸಿಕ್ಕೋದು ತುಂಬಾ ಸಾಮಾನ್ಯ.

ಮಗು ಬೆಳಗ್ಗೆ ಬಂದಾಗ ಮೈ ಮೇಲೆ ಏನಿದೆ ನೋಡಿ. ಚಿನ್ನದ ಸರ, ಬಳೆ, ಓಲೆ ಬೇಡ ಅಂತ ಮೊದಲೇ ಹೇಳ್ಬಿಡಿ, ಕಳೆದ್ರೆ ಸಂಬಂಧ ಕೆಡತ್ತೆ. ಕತ್ತಿನಲ್ಲಿರೋ ದೃಷ್ಟಿ ಮಣಿ ದಾರ, ತಾಯತ ಇನ್ನೂ ಅಪಾಯ, ಮಲಗಿದಾಗ ಬಿಗಿಯತ್ತೆ, ಮಣಿ ಕಿತ್ತು ಬಾಯಿಗೆ ಹೋಗತ್ತೆ. ಅಜ್ಜಿಯರಿಗೆ ಬೇಜಾರಾಗತ್ತೆ, "ದೃಷ್ಟಿ ಬೊಟ್ಟು ಇರ್ಲಿ ಅಮ್ಮಾ, ಕತ್ತಿನ ದಾರ ಮಾತ್ರ ಸಂಜೆ ಹಾಕಿ" ಅಂದ್ರೆ ಒಪ್ತಾರೆ.

ಆಟದ ಸಾಮಾನು? ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಲೋಟ, ಹಳೇ ಸೀರೆ, ನಾಲ್ಕು ಚೆಂಡು, ಒಂದಿಷ್ಟು ಬೋರ್ಡ್ ಪುಸ್ತಕ. ಚನ್ನಪಟ್ಟಣದ ಮರದ ಆಟಿಕೆ ಚೆನ್ನಾಗಿರತ್ತೆ, ಸಣ್ಣ ಬಿಡಿಭಾಗ ಇರೋದು ಬೇಡ. ಅಷ್ಟೇ.

ಜೊತೆಗಿರೋ ಆಯಾ

ನನ್ನ ಪ್ರಕಾರ ಇಡೀ ಡೇಕೇರ್ ನಿಂತಿರೋದು ನಿಮ್ಮ ಮೇಲಲ್ಲ, ಆ ಎರಡನೇ ಹೆಂಗಸಿನ ಮೇಲೆ. ಮೊದಲ ಮಗು ಬರೋಕೆ ಮುಂಚೆನೇ ಅವರನ್ನ ಸೇರಿಸ್ಕೊಳ್ಳಿ, ಖಾಲಿ ಕೂತಿದ್ರೂ ಒಂದು ತಿಂಗಳ ಸಂಬಳ ಕೊಡೋದು ದಂಡ ಅಲ್ಲ. ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಅದು ಬಂದ್ರೂ ಹಿಂದೆ ಕೆಲಸ ಮಾಡಿದ ಎರಡು ಮನೆಗೆ ನೀವೇ ಫೋನ್ ಮಾಡಿ ಕೇಳಿ.

ಇಂಟರ್ವ್ಯೂಲಿ ಪ್ರಶ್ನೆ ಕೇಳೋದಕ್ಕಿಂತ ಎರಡು ದಿನ ದುಡ್ಡು ಕೊಟ್ಟು ಕರೆಸ್ಕೊಂಡು ಸುಮ್ನೆ ನೋಡಿ. ಮಗು ಊಟ ಉಗುಳಿದಾಗ ಮುಖ ಹೇಗಾಗತ್ತೆ, ಅಳೋ ಮಗುವಿಗೆ "ಗುಮ್ಮ ಬರ್ತಾನೆ" ಅಂತಾರಾ, ಡೈಪರ್ ಬದಲಾಯಿಸಿ ಕೈ ತೊಳ್ಕೊಂಡ್ರಾ, ಫೋನ್ ಎಷ್ಟು ಸಲ ಕೈಗೆ ಬಂತು, ಇಷ್ಟರಲ್ಲೇ ಎಲ್ಲಾ ಗೊತ್ತಾಗತ್ತೆ. ಸೇರಿದ್ಮೇಲೆ ಅವರನ್ನ "ಅಕ್ಕ" ಅಂತ ಕರೀರಿ, ಮಕ್ಕಳೂ ಹಾಗೇ ಕರೀತಾರೆ. ಸಂಬಳ ಒಂದನೇ ತಾರೀಖು ತಪ್ಪದೆ ಕೊಡಿ, ಊಟ ಮಕ್ಕಳ ಜೊತೆನೇ ಆಗ್ಲಿ, ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚೋಕೆ ಬಿಡಿ. ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಅವರು ಊರಿಗೆ ಹೋಗ್ತಾರೆ, ಐಟಿ ಕಂಪನಿಗಳು ಆ ದಿನ ರಜೆ ಕೊಡಲ್ಲ, ಈ ಜಗ್ಗಾಟ ಪ್ರತಿ ವರ್ಷ ಬರತ್ತೆ, ಅದಕ್ಕೆ ಜನವರಿಲೇ ರಜೆ ಲಿಸ್ಟ್ ಪ್ರಿಂಟ್ ಮಾಡಿ ಎಲ್ಲಾ ಪೇರೆಂಟ್ಸ್ ಕೈಗೆ ಕೊಡಿ.

ಮನೇಲಿರೋ ಗಂಡಸರ ಬಗ್ಗೆನೂ ನಿಯಮ ಇರ್ಬೇಕು, ಮುಜುಗರ ಬೇಡ. ಡೈಪರ್, ಸ್ನಾನ, ಟಾಯ್ಲೆಟ್ ನೀವು ಅಥವಾ ಆಯಾ ಮಾತ್ರ, ಹೊರಗಿನೋರು ಡೇಕೇರ್ ಟೈಮಲ್ಲಿ ಒಳಗೆ ಬರೋ ಹಾಗಿಲ್ಲ, ಮನೆಗೆ ಬಂದ ಭಾವ ಮೈದುನ ಯಾರೇ ಆಗ್ಲಿ. ಪೇರೆಂಟ್ಸ್‌ಗೆ ಇದನ್ನ ನೀವೇ ಮೊದಲು ಹೇಳಿದ್ರೆ ಅವರಿಗೆ ಕೇಳೋ ಕಷ್ಟ ತಪ್ಪತ್ತೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರೋದು ಗೊತ್ತಾದ್ರೆ ಪೊಲೀಸ್‌ಗೆ ತಿಳಿಸಲೇಬೇಕು, ತಿಳಿಸದೇ ಇರೋದೇ ಅಪರಾಧ, ಅದು ಮಗುವಿನ ಸ್ವಂತ ಮನೇಲೇ ಆಗಿದ್ರೂ ಅಷ್ಟೇ. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ಬರೆದಿಡಿ. ಸಿಸಿಟಿವಿ ಆಟದ ಹಾಲ್‌ಗೆ, ಮಲಗೋ ರೂಮಿಗೆ ಹಾಕ್ಸಿ, ಡೈಪರ್ ಬದಲಾಯಿಸೋ ಜಾಗಕ್ಕೆ ಬೇಡ. ಲೈವ್ ಲಿಂಕ್ ಕೇಳ್ತಾರೆ, ನಾನಾದ್ರೆ ಕೊಡಲ್ಲ, ಒಬ್ಬರ ಮಗುವಿನ ಜೊತೆ ಎಲ್ಲರ ಮಕ್ಕಳೂ ಅದರಲ್ಲಿ ಕಾಣ್ತಾರೆ. ರೆಕಾರ್ಡಿಂಗ್ ಯಾವಾಗ ಬೇಕಾದ್ರೂ ಬಂದು ನೋಡಿ ಅನ್ನಿ.

ಊಟ, ಹಾಲು, ನಿದ್ದೆ

ಒಂದೇ ಅಡುಗೆ, ಮೂರು ಹದ. ಬೇಳೆ, ಅಕ್ಕಿ, ಒಂದು ತರಕಾರಿ ಕುಕ್ಕರಿಗಿಟ್ಟು ಕೂಸಿಗೆ ನುಣ್ಣಗೆ, ಒಂದು ವರ್ಷದೋರಿಗೆ ಕಿವುಚಿ, ದೊಡ್ಡೋರಿಗೆ ಒಗ್ಗರಣೆ ಹಾಕಿ ಕೊಡಿ. ಬೆಳಗ್ಗೆ ರಾಗಿ ಸರಿ, ಇಡ್ಲಿ, ಸಂಜೆ ಬಾಳೆಹಣ್ಣು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡವೇ ಬೇಡ, ನಾಲಿಗೆಗೆ ಸವರೋದೂ ಬೇಡ. ಕಡ್ಲೆಬೀಜ, ಇಡೀ ದ್ರಾಕ್ಷಿ, ಹುರಿಗಡಲೆ, ಪಾಪ್‌ಕಾರ್ನ್ ಗಂಟಲಿಗೆ ಸಿಕ್ಕೋ ಪದಾರ್ಥ, ಮನೇಲಿ ಯಾರ ಕೈಗೂ ಸಿಗೋ ಹಾಗೆ ಇಡ್ಬೇಡಿ. ಅಲರ್ಜಿ ಇರೋ ಮಗುವಿನ ಹೆಸರು, ಏನು ಕೊಡಬಾರ್ದು ಅನ್ನೋದು ಅಡುಗೆಮನೆ ಬಾಗಿಲ ಮೇಲೆ ದಪ್ಪಕ್ಷರದಲ್ಲಿರ್ಲಿ. ಮೊಟ್ಟೆ, ಮಾಂಸದ ವಿಷಯ ಸೇರಿಸ್ಕೊಳ್ಳೋ ದಿನಾನೇ ಮಾತಾಡಿ ಮುಗಿಸಿ.

ಅಮ್ಮ ತೆಗೆದುಕೊಟ್ಟ ಎದೆಹಾಲಿನ ಬಾಟಲಿ ಮೇಲೆ ಹೆಸರು, ತಾರೀಖು, ಟೈಮ್ ಬರೆಸಿ. ತಂಪಾಗಿರೋ ರೂಮಲ್ಲಿ 4 ಗಂಟೆ, ಫ್ರಿಜ್ಜಲ್ಲಿ 4 ದಿನ ಇರತ್ತೆ, ಬೇಸಿಗೇಲಿ ಬಂದ ತಕ್ಷಣ ಫ್ರಿಜ್ಜಿಗೆ ಇಡಿ. ಬಿಸಿನೀರಿನ ಪಾತ್ರೇಲಿ ಇಟ್ಟು ಬೆಚ್ಚಗೆ ಮಾಡಿ, ಮೈಕ್ರೋವೇವ್ ಬೇಡ. ಮಗು ಕುಡಿದು ಬಿಟ್ಟಿದ್ದನ್ನ ಎತ್ತಿಟ್ಟು ಸಂಜೆಗೆ ಕೊಡೋ ಹಾಗಿಲ್ಲ.

ಕೂಸನ್ನ ಬೆನ್ನ ಮೇಲೇ ಮಲಗಿಸಿ, ಗಟ್ಟಿ ಹಾಸಿಗೆ, ದಿಂಬು ಹೊದಿಕೆ ಗೊಂಬೆ ಏನೂ ಬೇಡ. ಮಕ್ಕಳು ಮಲಗಿದಾಗ ಒಬ್ರು ಅದೇ ರೂಮಲ್ಲಿ ಇರ್ಬೇಕು, ಇಬ್ಬರೂ ಒಟ್ಟಿಗೆ ಅಡುಗೆಮನೇಲಿ ಕಾಫಿ ಕುಡಿಯೋ ಹಾಗಿಲ್ಲ.

ಕಾಯಿಲೆ ಬಂದಾಗ

ಪೇರೆಂಟ್ಸ್ ಜೊತೆ ಜಗಳ ಆಗೋದಿದ್ರೆ ಇಲ್ಲೇ ಆಗತ್ತೆ. ರಾತ್ರಿ ಜ್ವರ ಇದ್ದ ಮಗುವಿಗೆ ಬೆಳಗ್ಗೆ ಸಿರಪ್ ಕುಡಿಸಿ ಕಳಿಸ್ತಾರೆ, ಹನ್ನೊಂದು ಗಂಟೆಗೆ ಔಷಧಿ ಇಳಿದು ಮೈ ಸುಡೋಕೆ ಶುರು. ಅವರದ್ದೂ ತಪ್ಪಲ್ಲ, ರಜೆ ಸಿಗಲ್ಲ. ಅದಕ್ಕೆ ನಿಯಮ ಬರೆದಿಡಿ, ಔಷಧಿ ಇಲ್ಲದೆ 24 ಗಂಟೆ ಜ್ವರ ಬರದೇ ಇದ್ರೆ ಮಾತ್ರ ವಾಪಸ್. ವಾಂತಿ ಭೇದಿಗೂ ಹಾಗೇ. ಹ್ಯಾಂಡ್ ಫುಟ್ ಮೌತ್ (ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳೋ ಅಂಟುರೋಗ) ಬಂದ್ರೆ ಡಾಕ್ಟರ್ ಸರಿ ಅನ್ನೋವರೆಗೆ, ಸುಮಾರು ಒಂದು ವಾರ ಮನೇಲೇ ಇರ್ಬೇಕು, ಒಬ್ಬರಿಗೆ ಬಂದ್ರೆ ಅವತ್ತೇ ಎಲ್ಲರಿಗೂ ತಿಳಿಸಿ, ಮಗುವಿನ ಹೆಸರು ಹೇಳದೆ. ಮುಚ್ಚಿಟ್ರೆ ವಾಟ್ಸಾಪ್‌ನಲ್ಲಿ ಅದು ಬೇರೆ ರೂಪದಲ್ಲಿ ಬರತ್ತೆ. ಸೇರಿಸ್ಕೊಳ್ಳೋವಾಗ ತಾಯಿ ಕಾರ್ಡ್ ಅಥವಾ ಲಸಿಕೆ ಪುಸ್ತಕದ ಫೋಟೋ ತಗೊಳ್ಳಿ, ಬರವಣಿಗೇಲಿ ಒಪ್ಪಿಗೆ ಇಲ್ದೆ ಪ್ಯಾರಾಸಿಟಮಾಲ್ ಕೂಡ ಕೊಡ್ಬೇಡಿ.

ಫಸ್ಟ್ ಏಯ್ಡ್ ನೀವೂ ಆಯಾನೂ ಕಲಿಯಲೇಬೇಕು, ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಟ್ರೇನಿಂಗ್ ಕೊಡ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಿದ್ರೆ ತಲೆ ಕೆಳಗೆ ಬರೋ ಹಾಗೆ ಕೈ ಮೇಲೆ ಬೋರಲು ಹಾಕ್ಕೊಂಡು ಬೆನ್ನಿಗೆ ಅಂಗೈಯಿಂದ 5 ಏಟು, ತಿರುಗಿಸಿ ಎದೆ ಮಧ್ಯೆ 5 ಸಲ ಒತ್ತು. ಕಾಣದ್ದನ್ನ ಹುಡುಕ್ತಾ ಬಾಯೊಳಗೆ ಬೆರಳು ಹಾಕ್ಬೇಡಿ. ಓದಿ ಬರೋ ವಿದ್ಯೆ ಅಲ್ಲ ಇದು, ಗೊಂಬೆ ಮೇಲೆ ಕೈಯಾರೆ ಕಲೀಬೇಕು. ಜ್ವರದ ಫಿಟ್ಸ್ ಬಂದ್ರೆ ಕೈಗೆ ಕಬ್ಬಿಣದ ಕೀ ಕೊಡೋದು, ಈರುಳ್ಳಿ ಮೂಸಿಸೋದು ಯಾವ್ದೂ ಬೇಡ, ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ಟೈಮ್ ನೋಡ್ಕೊಂಡು 108ಕ್ಕೆ ಫೋನ್ ಮಾಡಿ.

ಬರೆದು ಸಹಿ ಹಾಕಿಸ್ಕೊಳ್ಳೋದು

ಎರಡು ಪುಟದ ಅಗ್ರಿಮೆಂಟ್ ಸಾಕು, ಲಾಯರ್ ಭಾಷೆ ಬೇಡ. ಫೀಸು ತಿಂಗಳ 5ರೊಳಗೆ, ಮಗು ಬರದಿದ್ರೂ ಪೂರ್ತಿ, ಬಿಡೋದಾದ್ರೆ ಒಂದು ತಿಂಗಳ ನೋಟಿಸು, ಒಂದು ತಿಂಗಳ ಫೀಸ್ ಅಡ್ವಾನ್ಸು. ಕರ್ಕೊಂಡು ಹೋಗೋರ ಹೆಸರು ಫೋಟೋ ಸಮೇತ, ಲಿಸ್ಟಲ್ಲಿ ಇಲ್ಲದೋರು ಚಿಕ್ಕಪ್ಪ ಅಂದ್ರೂ ಅಪ್ಪ ಅಮ್ಮನಿಗೆ ಫೋನ್ ಮಾಡದೆ ಕಳಿಸಲ್ಲ. ಫೋಟೋ ಗ್ರೂಪಿಗೆ ಹಾಕಬಹುದಾ ಅಂತ ಒಂದು ಟಿಕ್.

ಲೇಟ್ ಪಿಕಪ್‌ಗೆ ಅರ್ಧ ಗಂಟೆಗೆ ಇಷ್ಟು ಅಂತ ಇಡಿ, ಅದನ್ನ ತಗೊಳ್ಳಿ ಕೂಡ. ಮೊದಲ ಸಲ "ಪರವಾಗಿಲ್ಲ ಬಿಡಿ" ಅಂದ್ರೆ ಏಳು ಗಂಟೆ ಅನ್ನೋದು ಎಂಟಾಗತ್ತೆ. ಜೋರು ಮಳೆ ಬಂದು ಅಂಡರ್‌ಪಾಸ್ ತುಂಬಿದ ದಿನ, ಬಂದ್ ದಿನ ಬಿಟ್ಟುಬಿಡಿ, ಅದೂ ಅಗ್ರಿಮೆಂಟಲ್ಲೇ ಇರ್ಲಿ.

ಮೊದಲ ಮಕ್ಕಳು ಬರೋದು ಹೇಗೆ

ಜಾಹೀರಾತಿಗೆ ದುಡ್ಡು ಹಾಕ್ಬೇಡಿ. ಗೂಗಲ್ ಮ್ಯಾಪಲ್ಲಿ ಹೆಸರು ಹಾಕಿ, ಸುತ್ತಲಿನ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಂದು ಮೆಸೇಜ್, ಹತ್ತಿರದ ಮಕ್ಕಳ ಡಾಕ್ಟರ್ ಕ್ಲಿನಿಕ್ಕಲ್ಲಿ ಒಂದು ಚೀಟಿ ಸಾಕು. ನೋಡೋಕೆ ಬಂದೋರಿಗೆ ಖಾಲಿ ರೂಮ್ ಅಲ್ಲ, ಮಕ್ಕಳು ಊಟ ಮಾಡೋ ಹೊತ್ತಲ್ಲಿ ತೋರಿಸಿ. ಹಿಂದಿ, ತಮಿಳು, ತೆಲುಗು ಮನೆ ಮಕ್ಕಳು ಬರ್ತಾರೆ, ಅವರ ಅಪ್ಪ ಅಮ್ಮ ಇಂಗ್ಲಿಷಲ್ಲೇ ಮಾತಾಡ್ಸಿ ಅಂತ ಕೇಳಬಹುದು, ನೀವು ಆರಾಮಾಗಿ ಕನ್ನಡದಲ್ಲೇ ಮಾತಾಡ್ಸಿ, ಹಸಿವು ನಿದ್ದೆ ಸುಸ್ಸು ನೀರು ಅನ್ನೋದಕ್ಕೆ ಮಾತ್ರ ಆ ಮನೇಲಿ ಏನಂತಾರೆ ಅಂತ ಬರ್ಕೊಳ್ಳಿ. ಮೂರು ತಿಂಗಳಲ್ಲಿ ಆ ಮಗು ನಿಮ್ಮ ಆಯಾ ತರಾನೇ ಮಾತಾಡ್ತಾ ಇರತ್ತೆ.

ಹೊಸ ಮಗುವನ್ನ ಮೊದಲ ದಿನ ಅಮ್ಮನ ಜೊತೆ ಒಂದು ಗಂಟೆ, ಮಾರನೇ ದಿನ ಅಮ್ಮ ಹೊರಗೆ, ಹೀಗೆ ಒಂದು ವಾರ ರೂಢಿ ಮಾಡಿಸಿ. ಹೇಳದೆ ಕದ್ದು ಹೋಗೋಕೆ ಬಿಡ್ಬೇಡಿ, ಟಾಟಾ ಮಾಡಿ ಹೋಗ್ಲಿ, ಅತ್ರೂ ಸರಿ. ಒಂದೇ ವಾರ ಇಬ್ಬರು ಹೊಸಬರನ್ನ ತಗೊಳ್ಳೋದು ಬೇಡ, ಒಬ್ಬರ ಅಳು ಕೇಳಿ ಎಂಟೂ ಜನ ಶುರು ಮಾಡ್ತಾರೆ.

ಕೊನೆಗೆ ಮರೆಯೋದು ನಿಮ್ಮನ್ನೇ. ನಿಮಗೆ ಜ್ವರ ಬಂದ್ರೆ ಯಾರು? ಪಕ್ಕದ ಏರಿಯಾದಲ್ಲಿ ಹೀಗೇ ನಡೆಸ್ತಿರೋ ಇನ್ನೊಬ್ಬರ ಜೊತೆ ಮಾತಾಡಿಟ್ಕೊಳ್ಳಿ, ಅಥವಾ ಆಯಾಗೆ ಪರಿಚಯ ಇರೋ, ಮಕ್ಕಳಿಗೂ ಮುಖ ಗೊತ್ತಿರೋ ಒಬ್ಬರಿಗೆ ದಿನಗೂಲಿ ಕೊಟ್ಟು ಕರೆಸೋ ವ್ಯವಸ್ಥೆ ಇರ್ಲಿ. ಅವರದ್ದೂ ಪೊಲೀಸ್ ವೆರಿಫಿಕೇಶನ್ ಆಗಿರ್ಬೇಕು. ಸೀಟ್ ತುಂಬಿದ್ಮೇಲೂ ಬರೋ ಫೋನ್‌ಗಳನ್ನ ಮಗುವಿನ ವಯಸ್ಸು ಸಮೇತ ಒಂದು ನೋಟ್‌ಬುಕ್ಕಲ್ಲಿ ಬರ್ದಿಟ್ಟು, ಏಪ್ರಿಲ್ ತಿಂಗಳಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡೋಕೆ ಶುರು ಮಾಡಿ, ಜೂನ್‌ನಲ್ಲಿ ಖಾಲಿಯಾಗೋ ಎರಡು ಸೀಟಿಗೆ ಅಷ್ಟೊತ್ತಿಗೆ ಜನ ಸಿಕ್ಕಿರ್ತಾರೆ.